ಕಾಸ್ತೆಲೊ ಬ್ರಾಂಕೊ ಕಸೂತಿಯ ರೇಷ್ಮೆ ಶಾಲು: ಕಲಬುರಗಿಯ ಬಿಸಿಲಲ್ಲಿ ಒಂದು ವರ್ಷ

ಕರ್ನಾಟಕದಲ್ಲಿ ಕುಳಿತು ಪೋರ್ಚುಗಲ್‌ನಿಂದ ರೇಷ್ಮೆ ತರಿಸುವುದೆಂದರೆ ಕಲಬುರಗಿಗೆ ಹೊರಗಿನಿಂದ ತೊಗರಿ ತರಿಸಿದ ಹಾಗೆ ಎಂದು ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ಆ ನಗೆಯಲ್ಲಿ ನ್ಯಾಯವಿತ್ತು. ಮೈಸೂರು ರೇಷ್ಮೆ, ಮೊಳಕಾಲ್ಮೂರು, ಇಳಕಲ್ ಇರುವ ನಾಡಿನಲ್ಲಿ, ದೇಶದಲ್ಲೇ ಅತಿ ಹೆಚ್ಚು ಹಿಪ್ಪುನೇರಳೆ ರೇಷ್ಮೆ ತೆಗೆಯುವ ರಾಜ್ಯದಲ್ಲಿ, ಎರಡು ಮೀಟರ್ ಉದ್ದದ ಒಂದು ಶಾಲಿಗೆ ಸುಂಕ, ಸಾಗಣೆ ಎಲ್ಲ ಸೇರಿ 46,000 ರೂಪಾಯಿ ಕೊಟ್ಟದ್ದಕ್ಕೆ ಕಾರಣ ಹೇಳಬೇಕಾದದ್ದು ನನ್ನ ಹೊಣೆ. ಮಗಳ ಮದುವೆ ನಿಶ್ಚಯವಾಗಿತ್ತು. ಅವಳಿಗೆ ಕೊಡುವ ಬಟ್ಟೆಗಳಲ್ಲಿ ಒಂದಾದರೂ ಮುಂದೆ ಅವಳ ಮಗಳ ಕೈಗೆ ಹೋಗುವಂಥದ್ದಾಗಿರಲಿ ಎಂಬ ಆಸೆ ನನಗಿತ್ತು. ಆ ಹೊತ್ತಿಗೆ ಕಣ್ಣಿಗೆ ಬಿದ್ದದ್ದು ಪೋರ್ಚುಗಲ್‌ನ ಒಂದು ಸಣ್ಣ ಕಾರ್ಯಾಗಾರದ ಶಾಲು. ಅಲ್ಲಿನ ಸಾಂಪ್ರದಾಯಿಕ ಕಾಸ್ತೆಲೊ ಬ್ರಾಂಕೊ ಕಸೂತಿಯನ್ನು ಕೈಯಲ್ಲೇ ಹಾಕಿದ್ದೆಂದೂ, ತಲೆಮಾರಿನಿಂದ ತಲೆಮಾರಿಗೆ ದಾಟುವ ವಸ್ತ್ರವೆಂದೂ ಅವರು ಬರೆದುಕೊಂಡಿದ್ದರು. ಶಾಲು ಮನೆಗೆ ಬಂದು ಈಗ ವರ್ಷವಾಗಿದೆ. ಮೂರು ಮದುವೆ, ಒಂದು ಬೇಸಿಗೆ, ಒಂದು ಮಳೆಗಾಲ ಕಂಡಿರುವ ಆ ಬಟ್ಟೆಯ ಬಗ್ಗೆ, ಆ ಮಾತಿನ ಬಗ್ಗೆ, ಈಗ ಬರೆಯಬಹುದು ಎನಿಸಿದೆ.

ನನ್ನ ತಂದೆ ಇಲ್ಲಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಮೂವತ್ತು ವರ್ಷ ಸೀರೆ ಮಾರಿದವರು. ಶಾಲೆ ಬಿಟ್ಟ ಮೇಲೆ ಅಂಗಡಿಯ ಗಾದಿಯ ಮೇಲೆ ಕುಳಿತು, ಗಿರಾಕಿಗಳು ಬಿಚ್ಚಿಸಿ ಹೋದ ಸೀರೆಗಳಿಗೆ ಮತ್ತೆ ಮಡಿಕೆ ಹಾಕುವುದು ನನ್ನ ಪಾಲಿನ ಕೆಲಸವಾಗಿತ್ತು. ಗಿರಾಕಿ ಸೆರಗಿನ ಮುಖ ನೋಡುತ್ತಾನೆ, ವ್ಯಾಪಾರಿ ಅದರ ಬೆನ್ನು ನೋಡುತ್ತಾನೆ ಎಂದು ಅವರು ಹೇಳುತ್ತಿದ್ದರು. ಹೊಸ ಮಾಲು ಬಂದಾಗ ಮೊದಲು ಸೆರಗನ್ನು ತಿರುವಿ ಹಾಕಿ, ಎಳೆಗಳು ಎಲ್ಲಿ ಕಟ್ಟಿವೆ, ಎಲ್ಲಿ ಜೋತಿವೆ ಎಂದು ಬೆರಳಾಡಿಸಿ ನೋಡಿದ ಮೇಲೆಯೇ ಬೆಲೆಯ ಮಾತು. ಹಾಗಾಗಿ ಈ ಶಾಲನ್ನೂ ನಾನು ಮೊದಲು ನೋಡಿದ್ದು ಹಿಂಬದಿಯಿಂದ.

ಅದಕ್ಕಿಂತ ಮುಂಚೆ ಪಾರ್ಸೆಲ್ಲಿನ ಕತೆಯನ್ನು ಎರಡು ಮಾತಿನಲ್ಲಿ ಮುಗಿಸಿಬಿಡುತ್ತೇನೆ. ಹಣ ಕಟ್ಟಿದ ಹನ್ನೊಂದನೆಯ ವಾರ ಶಾಲು ತಲುಪಿತು. ಕೈಕೆಲಸಕ್ಕೆ ಅಷ್ಟು ಸಮಯ ಬೇಕೆಂದು ಅವರು ಮೊದಲೇ ತಿಳಿಸಿದ್ದರಿಂದ ಅದು ದೂರಲ್ಲ. ಆದರೆ ಸಾಗಣೆಯವರು ಸುಂಕದ ಲೆಕ್ಕವನ್ನು ಎರಡು ಸಲ ಬದಲಿಸಿದರು, ಗುರುತಿನ ಚೀಟಿಯನ್ನು ಮೂರು ಸಲ ಕೇಳಿದರು, ಕೊನೆಗೆ ಮನೆಯಲ್ಲಿ ಯಾರೂ ಇರಲಿಲ್ಲ ಎಂದು ಬರೆದು ಪೆಟ್ಟಿಗೆಯನ್ನು ಒಮ್ಮೆ ಹೈದರಾಬಾದಿಗೆ ತಿರುಗಿ ಕಳಿಸಿದರು. ಆ ದಿನ ನಾನು ಇಡೀ ದಿನ ಮನೆಯಲ್ಲೇ ಇದ್ದೆ. ಹೊರಗಿನಿಂದ ಏನನ್ನಾದರೂ ತರಿಸುವವರು ಸುಂಕವನ್ನು ಬೆಲೆಯ ಜೊತೆಗೇ ಮುಂಗಡವಾಗಿ ಕಟ್ಟಿಸಿಕೊಳ್ಳುವ ವ್ಯವಸ್ಥೆ ಇದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಬಟ್ಟೆ. ಬಣ್ಣ ಹಾಕದ, ಹಾಲಿನ ಕೆನೆಯಂಥ ರೇಷ್ಮೆ. ಉದ್ದ ಎರಡು ಮೀಟರ್, ಅಗಲ 70 ಸೆಂಟಿಮೀಟರ್. ಅಡುಗೆಮನೆಯ ತಕ್ಕಡಿಯಲ್ಲಿ 168 ಗ್ರಾಂ ತೂಗಿತು. ಎರಡೂ ತುದಿಗಳಲ್ಲಿ ಒಂದೊಂದು ಮರ, ಮರದ ಎರಡು ಪಕ್ಕಕ್ಕೆ ಎದುರುಬದುರಾಗಿ ಒಂದು ಜೋಡಿ ಹಕ್ಕಿ, ಕೊಂಬೆಗಳಲ್ಲಿ ಬಿರಿದ ದಾಳಿಂಬೆ ಮತ್ತು ಕಾರ್ನೇಷನ್ ಹೂಗಳು. ಬಣ್ಣಗಳು ನಾಲ್ಕೇ: ನೀಲಿ, ಹಳೆಯ ಬಂಗಾರದ ಹಳದಿ, ಇಟ್ಟಿಗೆಯ ಕೆಂಪು, ಎಲೆ ಮಾಗಿದಂಥ ಹಸಿರು. ಒಂದು ತುದಿಯ ಎಡಗಡೆಯ ಹಕ್ಕಿಯ ಕತ್ತು ಇನ್ನೊಂದಕ್ಕಿಂತ ಒಂದು ಕಡ್ಡಿಯಷ್ಟು ದಪ್ಪವಿದೆ. ಅದನ್ನು ನೋಡಿ ನನಗೆ ಸಮಾಧಾನವಾಯಿತು, ಏಕೆಂದರೆ ಯಂತ್ರಕ್ಕೆ ಅಂಥ ತಪ್ಪು ಬರುವುದಿಲ್ಲ.

ತಿರುವಿ ಹಾಕಿದಾಗ ಕಂಡದ್ದು ನಾನು ಎಣಿಸದೇ ಇದ್ದದ್ದು. ಮುಂಬದಿಯಲ್ಲಿ ಅಂಗೈಯಷ್ಟು ಅಗಲಕ್ಕೆ ದಾಳಿಂಬೆ ರೇಷ್ಮೆಯಿಂದ ತುಂಬಿಕೊಂಡಿದ್ದರೆ, ಹಿಂಬದಿಯಲ್ಲಿ ಅದರ ಅಂಚಿನುದ್ದಕ್ಕೆ ಸಾಸಿವೆಯಂಥ ಚುಕ್ಕೆಗಳ ಒಂದು ಸಾಲು, ನಡುವೆ ಅಲ್ಲೊಂದು ಇಲ್ಲೊಂದು ಸಣ್ಣ ಗೆರೆ, ಅಷ್ಟೇ. ದಾರವೆಲ್ಲ ಮುಂದೆಯೇ ಉಳಿದಿದೆ. ಈ ಹೊಲಿಗೆಯ ವಿಧಾನವೇ ಹಾಗೆ: ಹುರಿ ಕೊಡದ ರೇಷ್ಮೆಯ ಎಳೆಯನ್ನು ಹೂವಿನ ಈ ಅಂಚಿನಿಂದ ಆ ಅಂಚಿಗೆ ಸೇತುವೆಯಂತೆ ಹಾಸುತ್ತಾರೆ, ಸೂಜಿ ಕೆಳಗಿಳಿದದ್ದೇ ಪಕ್ಕದ ತೂತಿನಿಂದ ಮೇಲೆ ಬಂದು, ಬಂದ ದಾರಿಗೆ ಒತ್ತಿಕೊಂಡಂತೆ ಹಿಂತಿರುಗುತ್ತದೆ. ಹೀಗೆ ಇಡೀ ಆಕಾರ ತುಂಬಿದ ಮೇಲೆ, ಹಾಸಿದ ಎಳೆಗಳಿಗೆ ಅಡ್ಡಲಾಗಿ ತೆಳ್ಳಗಿನ ಎಳೆಗಳನ್ನು ಅಂತರ ಬಿಟ್ಟು ಎಳೆದು, ಅವನ್ನು ಸಣ್ಣ ಸಣ್ಣ ಹೊಲಿಗೆಗಳಿಂದ ಬಟ್ಟೆಗೆ ಬಿಗಿಯುತ್ತಾರೆ. ಪೋರ್ಚುಗೀಸಿನಲ್ಲಿ ಇದಕ್ಕೆ ಪೋಂತೊ ಫ್ರೋಶೊ, ಎಂದರೆ ಸಡಿಲ ಹೊಲಿಗೆ, ಎಂಬ ಹೆಸರಿದೆ; ಊರಿನ ಹೆಸರಿನಿಂದಲೂ ಕರೆಯುತ್ತಾರೆ. ರೇಷ್ಮೆ ದುಬಾರಿಯಾದ ಕಾಲದಲ್ಲಿ ಹಿಂಬದಿಗೆ ಒಂದು ಎಳೆಯನ್ನೂ ವ್ಯರ್ಥ ಮಾಡದ ಜಾಣತನ ಇದು. ಹುರಿಯಿಲ್ಲದ ಎಳೆಯಾದ್ದರಿಂದ ಬೆಳಕು ಅದರ ಮೇಲೆ ಒಡೆಯದೆ ಹರಿಯುತ್ತದೆ. ಶಾಲನ್ನು ಕಿಟಕಿಯ ಬಳಿ ಓರೆ ಮಾಡಿದರೆ ಹಕ್ಕಿಯ ರೆಕ್ಕೆ ಒಂದು ಕ್ಷಣ ಒದ್ದೆಯಾಗಿ ಕಾಣುತ್ತದೆ.

ನಮ್ಮ ಕಸೂತಿ ನೋಡಿ ಬೆಳೆದವರಿಗೆ ಇದು ತದ್ವಿರುದ್ಧವಾದ ಲೋಕ. ಗವಂತಿ, ಮುರಗಿ ಎಂಬ ಹೊಲಿಗೆಗಳಲ್ಲಿ ಹೋದ ಸೂಜಿ ಬಿಟ್ಟ ಜಾಗಗಳನ್ನು ತುಂಬುತ್ತ ತಿರುಗಿ ಬರುತ್ತದೆ. ಗಂಟಿಲ್ಲ, ಮುಂಬದಿ ಹಿಂಬದಿ ಎಂಬ ಭೇದವಿಲ್ಲ, ಎಳೆ ಬಟ್ಟೆಯೊಳಗೇ ಹೊಕ್ಕು ನೇಯ್ಗೆಯ ಭಾಗವಾಗಿಬಿಡುತ್ತದೆ. ಕಾಸ್ತೆಲೊ ಬ್ರಾಂಕೊದ ಎಳೆ ಬಟ್ಟೆಯ ಮೇಲೆ ಮಲಗಿರುತ್ತದೆ, ಒಳಗೆ ಹೋಗುವುದಿಲ್ಲ. ಬಿದರಿಯಲ್ಲಿ ತಂತಿಯನ್ನು ತೋಡಿನೊಳಕ್ಕೆ ಬಡಿದು ಕೂರಿಸುವುದಕ್ಕೂ, ಅದೇ ತಂತಿಯನ್ನು ಮೇಲೆ ಇಟ್ಟು ಅಲ್ಲಲ್ಲಿ ಮೊಳೆ ಹೊಡೆಯುವುದಕ್ಕೂ ಇರುವ ವ್ಯತ್ಯಾಸ ಇದು. ಈ ಮಾತು ಮುಂದೆ ನನಗೆ ದುಬಾರಿಯಾಯಿತು, ಅದಕ್ಕೆ ಬರುತ್ತೇನೆ.

ಕಾಸ್ತೆಲೊ ಬ್ರಾಂಕೊ ಪೋರ್ಚುಗಲ್‌ನ ಪೂರ್ವಕ್ಕೆ, ಸ್ಪೇನಿನ ಗಡಿಯಿಂದ ಹೆಚ್ಚು ದೂರವಿಲ್ಲದ ಬೈರಾ ಬೈಶಾ ಸೀಮೆಯ ಊರು. ಅಲ್ಲಿಯ ಹೆಣ್ಣುಮಕ್ಕಳು ಮನೆಯಲ್ಲೇ ನೇಯ್ದ ನಾರಗಸೆಯ ಲಿನನ್ ಬಟ್ಟೆಯ ಮೇಲೆ ರೇಷ್ಮೆಯಿಂದ ಈ ಕಸೂತಿ ಹಾಕಿ ಹಾಸಿಗೆಯ ಮೇಲ್ಹಾಸುಗಳನ್ನು ಮಾಡುತ್ತಿದ್ದರು. ಕೊಲ್ಚ ಎಂದು ಅವುಗಳ ಹೆಸರು. ಮದುಮಗಳ ಜೊತೆ ಗಂಡನ ಮನೆಗೆ ಹೋಗುತ್ತಿದ್ದದ್ದು, ಮೆರವಣಿಗೆಯ ದಿನ ಕಿಟಕಿಯಿಂದ ಹೊರಗೆ ಇಳಿಬಿಡುತ್ತಿದ್ದದ್ದು ಅದನ್ನೇ. 17 ಮತ್ತು 18ನೆಯ ಶತಮಾನಗಳ ಕೊಲ್ಚಗಳು ಆ ಊರಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇವೆ. ಎದುರುಬದುರು ಕುಳಿತ ಹಕ್ಕಿಗಳೆಂದರೆ ಗಂಡ ಹೆಂಡತಿ ಎಂದೇ ಅಲ್ಲಿ ಅರ್ಥ. ನಮ್ಮಲ್ಲಿ ಅಜ್ಜಿಯರು ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ಮಗಳ ಗಂಟಿನ ಜೊತೆ ಹೋಗುತ್ತಿತ್ತಲ್ಲ, ಹಾಗೆ. ಕೌದಿ ಬಡತನದ ಬುದ್ಧಿವಂತಿಕೆ, ಕೊಲ್ಚ ಸಿರಿತನದ್ದು.

ಆ ಮರ, ಆ ಹಕ್ಕಿ, ಆ ದಾಳಿಂಬೆ ನಮಗೆ ಎಲ್ಲೋ ನೋಡಿದಂತೆ ಕಾಣುವುದಕ್ಕೂ ಕಾರಣವಿದೆ. 1472ರಲ್ಲಿ ಬೀದರಿನಲ್ಲಿ ತನ್ನ ಮದರಸಾ ಎದ್ದು ನಿಲ್ಲುತ್ತಿದ್ದ ಹೊತ್ತಿಗೇ ಬಹಮನಿ ಮಂತ್ರಿ ಮಹಮೂದ್ ಗಾವಾನ್ ಗೋವೆಯನ್ನು ಗೆದ್ದುಕೊಂಡಿದ್ದ. ಬಹಮನಿ ರಾಜ್ಯ ಒಡೆದ ಮೇಲೆ ಗೋವೆ ಬಿಜಾಪುರದ ಆದಿಲ್ ಶಾಹಿಗಳ ಪಾಲಾಗಿ, 1510ರಲ್ಲಿ ಪೋರ್ಚುಗೀಸರ ಕೈಗೆ ಹೋಯಿತು. ಆಮೇಲೆ ಬಂಗಾಳದ ಸಾತಗಾಂವ್‌ನಲ್ಲೂ ಗುಜರಾತಿನಲ್ಲೂ ಪೋರ್ಚುಗೀಸ್ ಗಿರಾಕಿಗಳಿಗೆಂದೇ ರೇಷ್ಮೆಯ ಕಸೂತಿ ಹಾಕಿದ ಮೇಲ್ಹಾಸುಗಳು ತಯಾರಾಗಿ ಹಡಗು ಹತ್ತಿದವು. ಭಾರತದ, ಚೀನಾದ ಆ ಬಟ್ಟೆಗಳನ್ನು ನೋಡಿ ಬೈರಾ ಬೈಶಾದ ಹೆಣ್ಣುಮಕ್ಕಳು ತಮ್ಮ ಮರಗಳನ್ನೂ ಹಕ್ಕಿಗಳನ್ನೂ ಬಿಡಿಸಿಕೊಂಡರು ಎಂಬುದು ಈ ಕಸೂತಿಯನ್ನು ಬಲ್ಲವರ ಮಾತು. ಚಾವಿ, ಪಗಾರ, ಅಲಮಾರಿ ಎಂಬ ಪದಗಳನ್ನು ಪೋರ್ಚುಗೀಸರಿಂದ ಪಡೆದ ನಾವು ಪ್ರತಿಯಾಗಿ ಒಂದು ಮರವನ್ನಾದರೂ ಕಳಿಸಿದ್ದೇವೆ.

ಶಾಲಿನ ಮೇಲೆ ನನ್ನ ಮೊದಲ ತಕರಾರು ಅಂಚಿನದು. ಸಂಪೂರ್ಣ ಕೈಹೊಲಿಗೆ ಎಂದು ಬರೆದಿದ್ದರು. ಎರಡು ಕಿರಿಯ ಬದಿಗಳ ಅಂಚನ್ನು ನಿಜಕ್ಕೂ ಕೈಯಿಂದ ಸುರುಳಿ ಸುತ್ತಿ ಹೊಲಿದಿದ್ದಾರೆ. ಹೊಲಿಗೆಗಳು ಇರುವೆಯ ಸಾಲಿನಂತೆ, ಆದರೆ ಇರುವೆಯ ಸಾಲಿನಂತೆಯೇ ಸ್ವಲ್ಪ ಅಂಕುಡೊಂಕಾಗಿ ಹೋಗಿವೆ. ಉದ್ದದ ಬದಿಗಳು ಮಾತ್ರ ಯಂತ್ರದ ಹೊಲಿಗೆ. ಪತ್ರ ಬರೆದು ಕೇಳಿದಾಗ ಅವರು ಸುಳ್ಳು ಹೇಳಲಿಲ್ಲ. ಉದ್ದದ ಬದಿಗಳನ್ನು ಯಂತ್ರದಲ್ಲಿ ಹೊಲಿಯುತ್ತೇವೆ, ವಿವರಣೆಯಲ್ಲಿ ಅದನ್ನು ಬರೆಯಬೇಕಿತ್ತು ಎಂದು ಒಪ್ಪಿಕೊಂಡರು. ಬೆಲೆಯಲ್ಲಿ ಏನೂ ಬಿಡಲಿಲ್ಲ. ನೂರು ರೂಪಾಯಿಗೆ ಫಾಲ್ ಹಚ್ಚಿ ಪಿಕೊ ಮಾಡಿಕೊಡುವ ನಮ್ಮೂರಿನ ಹೆಣ್ಣುಮಕ್ಕಳು ಅದಕ್ಕಿಂತ ಚೊಕ್ಕ ಅಂಚು ಕೊಡುತ್ತಾರೆ ಎಂದು ಇಲ್ಲಿ ಹೇಳದೆ ಇರಲಾರೆ.

ರೇಷ್ಮೆ ಎಲ್ಲಿಯದು ಎಂದೂ ಕೇಳಿದ್ದೆ. ನೂಲು ಆಮದಿನದು, ಕಸೂತಿ ಮಾತ್ರ ಸ್ಥಳೀಯ ಎಂಬ ಉತ್ತರ ಬಂತು. ಇದರಲ್ಲಿ ಆಶ್ಚರ್ಯವಿಲ್ಲ. 1734ರಲ್ಲಿ ಲಿಸ್ಬನ್ನಿನಲ್ಲಿ ಅರಸರ ರೇಷ್ಮೆ ಕಾರ್ಖಾನೆ ಹುಟ್ಟಿತ್ತು. ಅದರ ಬಳಿಯ ಉದ್ಯಾನಕ್ಕೆ ಇಂದಿಗೂ ಹಿಪ್ಪುನೇರಳೆ ಮರಗಳ ಹೆಸರೇ ಇದೆ. ಈಗ ಗೂಡಿನಿಂದ ಮಗ್ಗದವರೆಗೆ ಎಲ್ಲವನ್ನೂ ಕೈಯಲ್ಲಿ ಮಾಡುವ ರೂಢಿ ಉಳಿದಿರುವುದು ಈಶಾನ್ಯ ಮೂಲೆಯಲ್ಲಿ ದೌರು ನದಿಯ ಬಳಿ ಇರುವ ಫ್ರೆಯ್ಶೊ ದೆ ಎಸ್ಪಾದ ಆ ಸಿಂತ ಎಂಬ ಸಣ್ಣ ಊರಿನಲ್ಲಿ. ಪೋರ್ಚುಗಲ್‌ನದೇ ರೇಷ್ಮೆ ಬೇಕೆನ್ನುವವರು ಕಸೂತಿಯ ಆಸೆ ಬಿಟ್ಟು ಅಲ್ಲಿಯ ಸರಳ ನೇಯ್ಗೆಯನ್ನು ಹುಡುಕಬೇಕು. ಕಸೂತಿಯಲ್ಲೇ ಸರ್ಕಾರಿ ಭರವಸೆ ಬೇಕೆನ್ನುವವರಿಗೆ ಪೋರ್ಚುಗಲ್‌ನದೇ ಆದ ಮದೇರಾ ದ್ವೀಪದ ಕೆಲಸವಿದೆ. ಅಲ್ಲಿಯ ಸರ್ಕಾರಿ ಸಂಸ್ಥೆ ಪರೀಕ್ಷಿಸಿದ ಮೇಲೆ ಪ್ರತಿ ತುಂಡಿಗೂ ಮುದ್ರೆ ಬೀಳುತ್ತದೆ. ನನ್ನ ಶಾಲಿನ ಜೊತೆ ಬಂದದ್ದು ಹೊಲಿದವರ ಹೆಸರಿನ ಮೊದಲಕ್ಷರಗಳಿದ್ದ ಒಂದು ಚೀಟಿ. ಮುದ್ರೆಗಿಂತ ನನಗೆ ಆ ಚೀಟಿಯೇ ಇಷ್ಟವಾಯಿತು, ಆದರೆ ಇಷ್ಟವಾಗುವುದು ಬೇರೆ, ಖಾತ್ರಿ ಬೇರೆ. ಅಂಚಿನ ಒಂದು ಎಳೆಯನ್ನು ತೆಗೆದು ಸುಟ್ಟು ನೋಡಿದೆ: ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕಪ್ಪು ಬೂದಿ. ರೇಷ್ಮೆ ಅಪ್ಪಟ.

ಬಣ್ಣದ ಪರೀಕ್ಷೆಯಲ್ಲಿ ಅಷ್ಟು ಸಮಾಧಾನವಾಗಲಿಲ್ಲ. ಬಿಳಿ ಮಲ್ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಒತ್ತಿದಾಗ ನೀಲಿ, ಹಳದಿ, ಹಸಿರು ಮೂರೂ ಗಟ್ಟಿ ನಿಂತವು, ಇಟ್ಟಿಗೆ ಕೆಂಪು ತಿಳಿಗುಲಾಬಿಯ ಗುರುತು ಬಿಟ್ಟಿತು. ಡ್ರೈಕ್ಲೀನ್ ಮಾತ್ರ ಮಾಡಿಸಿ ಎಂದು ಜೊತೆಗಿನ ಚೀಟಿ ಹೇಳುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ, ಕುತ್ತಿಗೆಗೆ ತಾಗುವ ಬಟ್ಟೆ ಮಧ್ಯಾಹ್ನದ ಅಕ್ಷತೆಯ ಹೊತ್ತಿಗೇ ಬೆವರು ಕುಡಿಯುತ್ತದೆ. ಬೆವರು, ಬಿಸಿಲು, ಕ್ಷಾರದ ಸಾಬೂನು ಮೂರೂ ರೇಷ್ಮೆಯ ಎಳೆಯನ್ನು ಬಡಕಲು ಮಾಡುತ್ತವೆ ಎಂಬುದನ್ನು ಸೀರೆ ಉಡುವ ಮನೆಗಳಿಗೆ ಹೇಳಿಕೊಡಬೇಕಾಗಿಲ್ಲ. ಅದಕ್ಕಾಗಿ ಈ ಶಾಲನ್ನು ನಾವು ಸಂಜೆಯ ಆರತಕ್ಷತೆಗೆ, ನವೆಂಬರಿನಿಂದ ಫೆಬ್ರವರಿಯವರೆಗಿನ ಮದುವೆಗಳಿಗೆ ಮಾತ್ರ ತೆಗೆಯುತ್ತೇವೆ. ಹೊದ್ದಾಗ ಭಾರವೆನಿಸುವುದಿಲ್ಲ, ಜಾರುವುದೂ ಕಡಿಮೆ. ಕಸೂತಿಯ ತೂಕದಿಂದ ಎರಡೂ ತುದಿಗಳು ನೇರವಾಗಿ ಇಳಿಯುತ್ತವೆ. ಮಗಳು ಆರತಕ್ಷತೆಯಲ್ಲಿ ಬಾಟಲಿ ಹಸಿರಿನ ಮೊಳಕಾಲ್ಮೂರು ಸೀರೆಯ ಮೇಲೆ ಅದನ್ನು ಹೊದ್ದು ನಿಂತಾಗ, ಜರಿ ಝಗಝಗಿಸುವ ಆ ಚಪ್ಪರದಲ್ಲಿ ಜರಿಯೇ ಇಲ್ಲದ ಆ ಹಕ್ಕಿಗಳ ಮೇಲೆ ಎಲ್ಲರ ಕಣ್ಣು ಬಿತ್ತು. ಆ ಸಂಜೆಯ ಮಟ್ಟಿಗೆ 46,000 ರೂಪಾಯಿ ನನಗೆ ಹೆಚ್ಚೆನಿಸಲಿಲ್ಲ.

ಎರಡನೆಯ ಮದುವೆ ಬೀದರಿನಲ್ಲಿ. ಅಲ್ಲಿ ಅದು ಆದದ್ದು. ಆರತಿ ತಟ್ಟೆ ತೆಗೆದುಕೊಳ್ಳಲು ಮಗಳು ಕೈ ಚಾಚಿದಾಗ ಅವಳ ಹಸಿರು ಗಾಜಿನ ಬಳೆಯೊಂದರ ಒಡೆದ ತುದಿ ದಾಳಿಂಬೆಯ ಮೇಲೆ ಸಿಕ್ಕಿಕೊಂಡಿತು. ಅವಳು ಕೈ ಹಿಂದಕ್ಕೆಳೆದಳು. ಹಾಸಿದ ಬಂಗಾರದ ಎಳೆಗಳಲ್ಲಿ ಆರೇಳು ಒಟ್ಟಿಗೆ ಮೇಲೆದ್ದು, ಅಡ್ಡ ಬಿಗಿದಿದ್ದ ಎರಡು ಕಟ್ಟುಗಳು ಹರಿದು, ದಾಳಿಂಬೆಯ ನಡುವೆ ಹೆಬ್ಬೆಟ್ಟಿನಗಲದ ಜಾಗದಲ್ಲಿ ರೇಷ್ಮೆ ಬಿಚ್ಚಿದ ಜಡೆಯಂತೆ ನಿಂತುಬಿಟ್ಟಿತು. ಬಟ್ಟೆಗೆ ಏನೂ ಆಗಿರಲಿಲ್ಲ, ಒಂದು ತೂತೂ ಇಲ್ಲ. ಬಟ್ಟೆಯ ಮೇಲೆ ಮಲಗಿರುವ ಎಳೆ ಎಂದು ಹಿಂದೆ ಹೇಳಿದ್ದು ಇದಕ್ಕೇ. ನಮ್ಮ ಕಸೂತಿಯ ಸೀರೆಯಾಗಿದ್ದರೆ ಬಳೆ ಒಂದು ಹೊಲಿಗೆಯನ್ನು ಎತ್ತುತ್ತಿತ್ತು, ಬಹಳವೆಂದರೆ ಎರಡನ್ನು.

ಕಾರ್ಯಾಗಾರದವರಿಗೆ ಫೋಟೊ ಕಳಿಸಿದೆ. ಎರಡೇ ದಿನದಲ್ಲಿ ಉತ್ತರ ಬಂತು: ತಿರುಗಿ ಕಳಿಸಿದರೆ ಹಣ ಪಡೆಯದೆ ರಿಪೇರಿ ಮಾಡಿಕೊಡುತ್ತೇವೆ, ಹೋಗಿಬರುವ ಸಾಗಣೆಯ ಖರ್ಚು ಮಾತ್ರ ನಿಮ್ಮದು. ಮಾತಿನಲ್ಲಿ ಉದಾರತೆ ಇತ್ತು, ಲೆಕ್ಕದಲ್ಲಿ ಇರಲಿಲ್ಲ. ಸಾಗಣೆ, ಮರಳಿ ಬರುವಾಗ ಮತ್ತೆ ಸುಂಕದವರ ಮುಂದೆ ಇದು ಹೊಸದಲ್ಲ ರಿಪೇರಿಯದು ಎಂದು ವಾದಿಸುವ ಪೇಚಾಟ, ಇವೆಲ್ಲ ಸೇರಿ ಒಂದು ಒಳ್ಳೆಯ ಇಳಕಲ್ ಸೀರೆಯ ಬೆಲೆಯನ್ನು ದಾಟುತ್ತಿತ್ತು. ತಲೆಮಾರುಗಟ್ಟಲೆ ಬಾಳಬೇಕಾದ ಬಟ್ಟೆಯನ್ನು ಮಾರುವವರು ಅದು ಹರಿದಾಗ ಯಾರು ಹೊಲಿಯಬೇಕು ಎಂಬ ಪ್ರಶ್ನೆಗೆ ಮಾರುವ ದಿನವೇ ಉತ್ತರ ಕೊಟ್ಟಿರಬೇಕು. ನನ್ನ ಅಜ್ಜಿಯ ಇಳಕಲ್ ಸೀರೆ ನನ್ನವರೆಗೆ ಬಂದದ್ದು ಅದು ಹರಿಯಲಿಲ್ಲ ಎಂದಲ್ಲ. ಹತ್ತಿಯ ಒಡಲು ಜೀರ್ಣವಾದಾಗ ಕೊಂಡಿ ಹಾಕಿ ಸೇರಿಸಿದ್ದ ರೇಷ್ಮೆಯ ತೋಪು ತೆನಿ ಸೆರಗನ್ನು ಬಿಡಿಸಿಕೊಂಡು ಕುಪ್ಪಸಕ್ಕೆ, ಆಮೇಲೆ ಮಗುವಿನ ಕುಲಾವಿಗೆ ತಿರುಗಿಸಬಲ್ಲ ಕೈಗಳು ಓಣಿಯಲ್ಲೇ ಇದ್ದವು.

ಕೊನೆಗೆ ಶಾಲನ್ನು ಒಯ್ದದ್ದು ಚೌಕಿನ ಬಳಿ ಕೂರುವ ಒಬ್ಬ ಹಿರಿಯ ರಫೂಗಾರರ ಹತ್ತಿರ. ಶೇರವಾನಿ, ಕಾಶ್ಮೀರಿ ಶಾಲುಗಳಿಗೆ ರಫು ಹಾಕಿ ಹಾಕಿ ಅವರ ಬೆನ್ನು ಬಾಗಿದೆ. ಅವರೂ ಅದನ್ನು ಮೊದಲು ತಿರುವಿ ಹಾಕಿದರು. ನನಗೆ ಅಪ್ಪನ ನೆನಪಾಯಿತು. ಬಹಳ ಹೊತ್ತು ಬೆರಳಾಡಿಸಿ ನೋಡಿ, “ಇದು ಮೈಮ್ಯಾಲ ಹಾಕ್ಕೊಳ್ಳೋ ಅರಿವಿ ಅಲ್ರೀ ಅಕ್ಕಾರ, ಹಾಸಿಗಿ ಮ್ಯಾಲಿಂದು” ಎಂದರು. ಕಾಸ್ತೆಲೊ ಬ್ರಾಂಕೊ ಎಂಬ ಹೆಸರನ್ನೇ ಕೇಳದ ಅವರು ಹೊಲಿಗೆಯ ಹಿಂಬದಿ ನೋಡಿಯೇ ಅದರ ಚರಿತ್ರೆಯನ್ನು ಓದಿದ್ದರು. ಹಾಸಿಗೆಯ ಮೇಲೆ ಹರಡಿ, ಕಿಟಕಿಯಿಂದ ಇಳಿಬಿಟ್ಟು, ದೂರದಿಂದ ನೋಡುವ ಬಟ್ಟೆಗೆ ಹುಟ್ಟಿದ ಹೊಲಿಗೆಯನ್ನು ಬಳೆ, ಉಂಗುರ, ತಾಳಿಗಳ ಮೈಮೇಲೆ ತಂದಿಟ್ಟದ್ದು ಈ ಶಾಲಿನ ವಿನ್ಯಾಸದಲ್ಲೇ ಇರುವ ದೋಷ. ಕೈಕೆಲಸದಲ್ಲಿ ದೋಷವಿಲ್ಲ, ಯಾವ ಕೆಲಸಕ್ಕೆ ಯಾವ ಹೊಲಿಗೆ ಎಂಬ ನಿರ್ಧಾರದಲ್ಲಿದೆ. ಅಡ್ಡಕಟ್ಟುಗಳನ್ನು ಇನ್ನಷ್ಟು ಹತ್ತಿರ ಹತ್ತಿರ ಹಾಕಿದ್ದರೆ, ಇಲ್ಲವೇ ಹೂವುಗಳನ್ನು ಚಿಕ್ಕದಾಗಿಸಿ ಎಳೆಗಳ ಹಾಸನ್ನು ಗಿಡ್ಡ ಮಾಡಿದ್ದರೆ, ಅರ್ಧದಷ್ಟು ಅಪಾಯ ತಪ್ಪುತ್ತಿತ್ತು. ಹಾಗೆ ಮಾಡಿದರೆ ಆ ಒದ್ದೆ ಹೊಳಪು ಕಡಿಮೆಯಾಗುತ್ತದೆ ಎಂಬುದೂ ನಿಜ. ಅವರು ಹೊಳಪನ್ನು ಆರಿಸಿಕೊಂಡಿದ್ದಾರೆ.

ರಫೂಗಾರರು ಮೇಲೆದ್ದ ಎಳೆಗಳನ್ನು ಕತ್ತರಿಸಲಿಲ್ಲ. ಒಂದೊಂದನ್ನೇ ಒದ್ದೆ ಬೆರಳಿನಿಂದ ನೀವಿ ಮಲಗಿಸಿ, ಹಳೆಯ ಶಾಲೊಂದರಿಂದ ಉಳಿದ ತೆಳು ರೇಷ್ಮೆಯಿಂದ ಎರಡು ಅಡ್ಡಕಟ್ಟು ಹಾಕಿದರು. 300 ರೂಪಾಯಿ ತೆಗೆದುಕೊಂಡರು. ಗೊತ್ತಿದ್ದವರು ಹುಡುಕಿದರೆ ಕಾಣುತ್ತದೆ: ಕಟ್ಟಿನ ಬಣ್ಣ ಒಂದು ಛಾಯೆ ಗಾಢ.

ಮೂರನೆಯ ಮದುವೆಗೆ ಮಗಳು ಬಲಗೈಯಲ್ಲಿ ಗಾಜಿನ ಬಳೆಯ ಬದಲು ನುಣುಪಾದ ಬಂಗಾರದ ಬಳೆ ಹಾಕಿಕೊಂಡಳು, ಏನೂ ಆಗಲಿಲ್ಲ. ಇಡುವಾಗ ಮಲ್ ಬಟ್ಟೆಯಲ್ಲಿ ಸುತ್ತಿ, ಕಸೂತಿಯ ಮೇಲೆ ಮಡಿಕೆ ಬೀಳದಂತೆ ಒಂದು ರಟ್ಟಿನ ಕೊಳವೆಗೆ ಸುರುಳಿ ಮಾಡಿ, ಒಣ ಬೇವಿನೆಲೆಯ ಜೊತೆ ಅಲಮಾರಿಯ ಮೇಲಿನ ಖಾನೆಯಲ್ಲಿಟ್ಟಿದ್ದೇನೆ. ಮಡಚಿ ಪೆಟ್ಟಿಗೆಯಲ್ಲಿಡಿ ಎಂದು ಚೀಟಿಯಲ್ಲಿದೆ. ಅದನ್ನು ಪಾಲಿಸಬೇಡಿ, ಹುರಿಯಿಲ್ಲದ ಎಳೆ ಮಡಿಕೆಯ ಗೆರೆಯಲ್ಲೇ ಮೊದಲು ಸವೆಯುತ್ತದೆ. ಕೊಳ್ಳುವ ಮನಸ್ಸಿರುವವರು ದಿನಬಳಕೆಗೆಂದಾಗಲಿ, ಬೇಸಿಗೆಯ ಮದುವೆಗೆಂದಾಗಲಿ ಇದನ್ನು ತರಿಸಬಾರದು. ವರ್ಷಕ್ಕೆ ಎರಡು ಸಲ ಹೊರತೆಗೆದು ಹೊದೆಯುವ, ಉಳಿದ ದಿನ ಕಾಪಾಡುವ ತಾಳ್ಮೆ ಇರುವವರಿಗೆ ಇಂಥ ಕೈಕೆಲಸ ಈ ಬೆಲೆಗೆ ಸುಲಭವಾಗಿ ಸಿಗದು. ಹಣ ಕಟ್ಟುವ ಮೊದಲು ಕಸೂತಿಯ ಹಿಂಬದಿಯ ಫೋಟೊ ಕೇಳಿ, ಅಂಚು ಯಾವುದು ಕೈಯದು ಯಾವುದು ಯಂತ್ರದ್ದು ಎಂದು ಬರವಣಿಗೆಯಲ್ಲಿ ಪಡೆಯಿರಿ, ಬಳಸಿದ ಬಣ್ಣಗಳ ಹೆಚ್ಚುವರಿ ದಾರವನ್ನು ಜೊತೆಗೇ ಕಳಿಸಲು ಹೇಳಿ.

ಆ ದಾರವನ್ನು ನಾನು ಕೇಳಿದ್ದು ತಡವಾಗಿ, ರಫು ಮುಗಿದ ಮೇಲೆ. ಹಣ ಪಡೆಯದೆ ಕಳಿಸಿದರು. ಸಾಧಾರಣ ಅಂಚೆಯಲ್ಲಿ, ಐದು ವಾರಕ್ಕೆ, ಒಂದು ತೆಳ್ಳಗಿನ ಲಕೋಟೆ ಬಂತು; ಒಳಗೆ ಇಟ್ಟಿಗೆ ಕೆಂಪಿನದೊಂದು, ಹಳೆಯ ಬಂಗಾರದ್ದೊಂದು, ಎರಡು ಸಣ್ಣ ಲಡಿಗಳು. ಅಪ್ಪನ ಅಂಗಡಿಯಿಂದ ಬಂದ, ಫಾಲಿನ ದಾರಗಳನ್ನು ಇಡುವ ತಗಡಿನ ಡಬ್ಬಿಯಲ್ಲಿ ಅವನ್ನು ಹಾಕಿದ್ದೇನೆ. ರಫೂಗಾರರಿಗೆ ತೋರಿಸಲು ಒಯ್ದಿದ್ದೆ. ಬಂಗಾರದ ಎಳೆಯನ್ನು ಬೆಳಕಿಗೆ ಹಿಡಿದು ನೋಡಿ, ತಮಗೊಂದು ಮೊಳ ಕೊಡುತ್ತೀರಾ ಎಂದು ಕೇಳಿದರು; ಎರಡು ಮೊಳ ಕತ್ತರಿಸಿ ಕೊಟ್ಟು ಬಂದೆ.